ಕ್ಲಚ್ ಪೆಡಲ್ ಇಲ್ಲದ ಗಾಡಿ ಎಳೆಯುವ ಮುನ್ನ: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರೇ,

ನಂಬರ್ ಪ್ಲೇಟಿನಲ್ಲಿ ಕೆಎ-17 ಇದ್ದರೆ ಗಾಡಿ ದಾವಣಗೆರೆಯದ್ದೆಂದು ತಿಳಿಯುತ್ತದೆ. ಒಳಗಿನ ಗೇರ್‌ಬಾಕ್ಸ್ ಯಾವುದೆಂದು ತಿಳಿಯದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕೆಟ್ಟು ನಿಂತ ಆಟೊಮ್ಯಾಟಿಕ್ ಬಸ್ಸು, ಲಾರಿಗೆ ಇದರಿಂದಲೇ ದೊಡ್ಡ ಪೆಟ್ಟು. ಕೆಟ್ಟಿದ್ದು ಒಂದು ಬೆಲ್ಟೋ ಪೈಪೋ ಇರಬಹುದು. ಎಳೆದೊಯ್ಯುವಾಗ ಹಾಳಾಗುವುದು ಇಡೀ ಗೇರ್‌ಬಾಕ್ಸ್.

ಕ್ರೇನಿನವರು ಮುಂದಿನ ಚಕ್ರ ಎತ್ತಿ, ಹಿಂದಿನದನ್ನು ಉರುಳಿಸಿಕೊಂಡೇ ಹೊರಟರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತದೆ, ಅದರೊಂದಿಗೆ ಗೇರ್‌ಬಾಕ್ಸಿನ ಹಿಂಭಾಗವೂ. ಆದರೆ ಅದರ ಆಯಿಲ್ ಪಂಪ್ ತಿರುಗಬೇಕಾದರೆ ಎಂಜಿನ್ ಓಡುತ್ತಿರಬೇಕು. ಎಂಜಿನ್ ಬಂದ್ ಆದರೆ ಪಂಪೂ ಬಂದ್. ಬೇರಿಂಗು, ಕ್ಲಚ್ ಪ್ಲೇಟು ಎಣ್ಣೆ ಕಾಣದೆ ಉಜ್ಜುತ್ತವೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ., ಗೇರ್‌ಬಾಕ್ಸ್ ಕೆಡಲು ಅಷ್ಟು ದೂರ ಬೇಕಾಗಿಯೂ ಇಲ್ಲ. ನ್ಯೂಟ್ರಲ್‌ಗೆ ಹಾಕಿದ್ದೀವಲ್ಲ ಅನ್ನುವ ಮಾತು ಇಲ್ಲಿ ನಡೆಯಲ್ಲ. ಚಕ್ರಕ್ಕೆ ಅಡೆ ಕೊಟ್ಟು ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಕಟ್ಟಬೇಕು, ಇಲ್ಲವೇ ಆಕ್ಸಲ್ ಶಾಫ್ಟ್ ತೆಗೆದು ಹಬ್ ಮುಚ್ಚಬೇಕು, ಅದೂ ಆಗದಿದ್ದರೆ ಹಿಂದಿನ ಚಕ್ರಗಳನ್ನೇ ಎತ್ತಬೇಕು. ತಳ್ಳಿ ಸ್ಟಾರ್ಟ್ ಮಾಡುವುದಂತೂ ಕನಸು.

ಕ್ಲಚ್ ಪೆಡಲ್ ಇಲ್ಲದ್ದೆಲ್ಲ ಒಂದೇ ಅಲ್ಲ. ವೋಲ್ವೋದ ಐ-ಶಿಫ್ಟ್ ಎಎಂಟಿ (ತಾನೇ ಗೇರ್ ಬದಲಿಸುವ ಮ್ಯಾನುವಲ್ ಗೇರ್‌ಬಾಕ್ಸ್) ಜಾತಿಯದು: ಒಳಗೆ ಮಾಮೂಲಿ ಒಣ ಕ್ಲಚ್ಚೇ ಇದೆ, ಅದನ್ನು ಒತ್ತುವುದು ಗಾಳಿ. ಆಲಿಸನ್ ಕಂಪನಿಯಂಥದ್ದು ಟಾರ್ಕ್ ಕನ್ವರ್ಟರ್ ಜಾತಿ: ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ದಾಟಿಸುತ್ತದೆ. ಕೆಳಗೆ ಬಗ್ಗಿ ನೋಡಿದರೆ ಆಯಿಲ್ ಪ್ಯಾನ್, ಕೂಲರಿಗೆ ಹೋಗುವ ಎರಡು ದಪ್ಪ ಪೈಪು ಕಾಣುತ್ತವೆ. ಮಾಡೆಲ್, ಸೀರಿಯಲ್ ನಂಬರ್ ಹೊಡೆದ ತಗಡು ಗೇರ್‌ಬಾಕ್ಸಿನ ಮೈಮೇಲೇ ಇರುತ್ತದೆ. ಆಲಿಸನ್ 3000, 4000 ಸರಣಿಯಲ್ಲಿ ಬಲಗಡೆ ಹಿಂಭಾಗದಲ್ಲಿ. ನಮ್ಮ ಕೆಂಧೂಳು ಮೆತ್ತಿರುವುದರಿಂದ ಒರೆಸದೆ ಓದಲಾಗದು.

ಗೇರ್‌ಬಾಕ್ಸಿನ ಆಯಿಲ್ ನೋಡುವುದರಲ್ಲೂ ಇದೇ ಗೊಂದಲ. ಎಂಜಿನ್ ಆಯಿಲ್ ನೋಡುವಂತೆ ಗಾಡಿ ಆಫ್ ಮಾಡಿ ಕಡ್ಡಿ ಎಳೆದರೆ ಮಟ್ಟ ಸುಳ್ಳು ಹೇಳುತ್ತದೆ. ಆಲಿಸನ್‌ಗೆ ಸಮತಟ್ಟು ಜಾಗ, ಪಾರ್ಕಿಂಗ್ ಬ್ರೇಕ್, ನ್ಯೂಟ್ರಲ್, ಎಂಜಿನ್ ಐಡ್ಲಿಂಗ್, ಆಯಿಲ್ 71ರಿಂದ 93 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ಆಗ ‘ಹಾಟ್’ ಗೆರೆಗಳ ನಡುವೆ ಬಂದರೆ ಸರಿ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಾದರೂ ಒಳಗಿನ ಗೇರುಗಳು ಕಡೆದು ನೊರೆ ಎಬ್ಬಿಸುತ್ತವೆ, ಕ್ಲಚ್ ಜಾರುತ್ತದೆ. ಸುಟ್ಟ ವಾಸನೆ ಬಂದರೆ ಬರೀ ಆಯಿಲ್ ಬದಲಿಸಿ ಕೈತೊಳೆದುಕೊಳ್ಳಬಾರದು. ಹಾಲಿನಂತೆ ಬಿಳಿಚಿದ್ದರೆ ಹೆಚ್ಚಾಗಿ ಕೂಲರ್ ಒಡೆದು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೇರಿದೆ ಎಂದರ್ಥ. ಅದು ಪ್ಲೇಟಿನ ಲೈನಿಂಗ್ ಕಿತ್ತು ಹಾಕುತ್ತದೆ, ಗಾಡಿ ಅಲ್ಲಿಗೇ ನಿಲ್ಲಿಸಬೇಕು.

ತಮ್ಮಲ್ಲಿ ಕೇಳುವುದು ಇಷ್ಟೇ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡುವಾಗಲೇ ಡ್ರೈವರ್ ಬಾಗಿಲಿನ ಒಳಗೂ ಮುಂದಿನ ಟೋ ಹುಕ್ ಪಕ್ಕದಲ್ಲೂ ಕನ್ನಡದ ಸ್ಟಿಕ್ಕರ್ ಹಚ್ಚಿಸಿ: ಗೇರ್‌ಬಾಕ್ಸಿನ ಜಾತಿ, ಮಾಡೆಲ್, ಯಾವ ದರ್ಜೆಯ ಆಯಿಲ್, ‘ಶಾಫ್ಟ್ ಬಿಚ್ಚದೆ ಎಳೆಯಬೇಡಿ’. ಡಿಪೊಗಳಲ್ಲಿ ಎಟಿಎಫ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್) ಡ್ರಮ್ಮಿಗೂ ಗೇರ್ ಆಯಿಲ್ ಡ್ರಮ್ಮಿಗೂ ಬೇರೆ ಬಣ್ಣ, ಬೇರೆ ಅಳತೆ ಕ್ಯಾನ್ ಕೊಡಿಸಿ. ಕ್ರೇನ್ ಸಿಬ್ಬಂದಿಗೆ ಅರ್ಧ ದಿನದ ತರಬೇತಿ ಸಾಕು. ಜಾಗ ಮತ್ತು ಕಲಿಸುವವರನ್ನು ದಾವಣಗೆರೆಯಲ್ಲಿ ನಾವೇ ಒದಗಿಸುತ್ತೇವೆ.

ಇಂತಿ,
ದಾವಣಗೆರೆ, ಚಿತ್ರದುರ್ಗದ ಲಾರಿ-ಬಸ್ ಮೆಕ್ಯಾನಿಕ್‌ಗಳು