‘ನಮ್ಮ ಹುಡುಗ’ ಅನ್ನುವವರು ಬೇಕು

ಮಾನ್ಯ ಸಂಪಾದಕರೇ,

ಸ್ಟಾರ್ಟಪ್ ಸುದ್ದಿ ಬಂದಾಗಲೆಲ್ಲ ದಾರಿ ತೋರಿಸುವ ಮೆಂಟರ್, ಕೈ ಹಿಡಿಯುವ ನೆಟ್‌ವರ್ಕ್ ಅಂತ ಓದುತ್ತೇನೆ. ನಗು ಬರುತ್ತದೆ. ನಮ್ಮ ಕರಾವಳಿಯ ಹೋಟೆಲಿನವರು ಈ ಹೆಸರುಗಳಿಲ್ಲದೆಯೇ ಇದನ್ನು ಎಷ್ಟೋ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ.

ನಾನು ಕುಂದಾಪುರ ಕಡೆಯವನು. ಎಸ್ಸೆಸ್ಸೆಲ್ಸಿ ಫೇಲಾದ ವರ್ಷ ಊರಿನವರೊಬ್ಬರ ಹೋಟೆಲಿನಲ್ಲಿ ಟೇಬಲ್ ಒರೆಸಲು ಬೆಂಗಳೂರಿಗೆ ಬಂದೆ. ಆಮೇಲೆ ಸಪ್ಲೈಯರ್, ಆಮೇಲೆ ಅಡುಗೆಮನೆ, ಕೊನೆಗೆ ಗಲ್ಲಾ. ಮಳೆ ಬಂದ ದಿನ ಹಿಟ್ಟು ಎಷ್ಟು ಕಡಿಮೆ ರುಬ್ಬಬೇಕು, ಯಾರಿಗೆ ಸಾಲ ಬರೆಯಬಾರದು, ಎಲ್ಲ ಅಲ್ಲೇ ಕಲಿತಿದ್ದು. ಸ್ವಂತ ಹೋಟೆಲ್ ಇಟ್ಟಾಗ ಜಾಗಕ್ಕೆ ಅಡ್ವಾನ್ಸ್ ಕೊಟ್ಟೇ ಕೈ ಖಾಲಿಯಾಗಿತ್ತು. ಹಳೇ ಧಣಿ ದಿನಸಿ ಅಂಗಡಿಯವರಿಗೆ ಫೋನ್ ಮಾಡಿ, "ನಮ್ಮ ಹುಡುಗ, ಸಾಮಾನು ಕೊಡಿ" ಅಂದರು, ಅಷ್ಟೇ. ಒಂದು ತಿಂಗಳ ಸಾಮಾನು ಸಾಲವಾಗಿ ಬಂತು.

ಇದು ಹಳೇ ರೂಢಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು 1928ರಲ್ಲೇ ಪಿಗ್ಮಿ ಅನ್ನುವ ಸಣ್ಣ ಉಳಿತಾಯ ಶುರು ಮಾಡಿ, ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಳ್ಳುತ್ತಿತ್ತು. ಮುಂಬೈಯಲ್ಲಿ ಹಗಲು ಲೋಟ ತೊಳೆದ ನಮ್ಮ ಹುಡುಗರು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದರು. ದುಡ್ಡಿಗಿಂತ ಜಾಸ್ತಿ ಸಿಗುತ್ತಿದ್ದದ್ದು ಧೈರ್ಯ. ನಮ್ಮ ಮಾವನ ಮೊದಲ ಹೋಟೆಲ್ ಮುಚ್ಚಿದಾಗ ಊರಲ್ಲಿ ಯಾರೂ ನಗಲಿಲ್ಲ, "ಬೇರೆ ಜಾಗ ನೋಡು" ಅಂದರು.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಊರಲ್ಲಿ ನಾಲ್ಕು ಜನ ಹೋಟೆಲ್ ಇಟ್ಟರೆ ಐದನೆಯವನಿಗೆ ಬೇರೆ ಯೋಚನೆಯೇ ಬರುವುದಿಲ್ಲ. ನನಗೆ ಮೋಟಾರ್ ರಿಪೇರಿ ಇಷ್ಟ ಇತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅದಾದರೂ ಹೋಗಲಿ. ನನ್ನ ಜೊತೆ ಎಂಟು ವರ್ಷ ಅದೇ ಒಲೆ ಮುಂದೆ ನಿಂತ ರಾಯಚೂರಿನ ಗೆಳೆಯ ಕೆಲಸದಲ್ಲಿ ನನಗಿಂತ ಚುರುಕು, ಅವನ ಸಾಂಬಾರಿಗೆಂದೇ ಬರುವ ಗಿರಾಕಿಗಳಿದ್ದರು. ಅವನನ್ನು ‘ನಮ್ಮ ಹುಡುಗ’ ಅಂತ ಯಾರೂ ಅನ್ನಲಿಲ್ಲ. ನಾನೂ ಇಷ್ಟು ವರ್ಷ ಅನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಹತ್ತು ವರ್ಷ ನಿಯತ್ತಿನಿಂದ ದುಡಿದವನು ಯಾವ ಊರಿನವನೇ ಆಗಲಿ, ಅವನ ಪರವಾಗಿ ಒಂದು ಮಾತು ಹೇಳುವ ಕೆಲಸವನ್ನು ಹೋಟೆಲ್ ಮಾಲೀಕರ ಸಂಘಗಳು ಮಾಡಬಾರದೇ? ಪೈಸೆ ಖರ್ಚಿಲ್ಲ ಅಲ್ವಾ?

ಈಗ ಅವನೂ ಒಂದು ಸಣ್ಣ ಜಾಗ ನೋಡಿದ್ದಾನೆ. ಮೊನ್ನೆ ಅದೇ ದಿನಸಿ ಅಂಗಡಿಯವರಿಗೆ ಫೋನ್ ಮಾಡಿದೆ. "ನಿಮ್ಮೂರಿನವರಾ?" ಅಂದರು. ಅಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹದಿನೈದು ದಿನದ ಸಾಮಾನು ಕೊಡುತ್ತೇನೆ ಅಂದರು.

ಒಬ್ಬ ಹೋಟೆಲ್ ಮಾಲೀಕ, ಬೆಂಗಳೂರು