ಕಾಲು ನೋಡ್ಬೇಡ, ಆಚೆ ತುದಿ ನೋಡು

ಪ್ರಿಯ ಪೋಷಕರೇ,

ನಮಸ್ಕಾರ. ಕ್ರೀಡಾದಿನಕ್ಕೆ ಇನ್ನು ಮೂರು ವಾರ ಇದೆ. ಸಮಯ, ಉಡುಪು, ಆಟಗಳ ಪಟ್ಟಿ ಎಲ್ಲವನ್ನೂ ತರಗತಿ ಶಿಕ್ಷಕರು ಮಕ್ಕಳ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಈ ಪತ್ರ ಬೇರೆ ವಿಷಯಕ್ಕೆ. ಸ್ವಲ್ಪ ಉದ್ದ ಇದೆ, ಬಿಡುವು ಮಾಡಿಕೊಂಡು ಓದಿ.

ಹೋದ ವಾರ ಮೈದಾನದ ಕಡೆ ಹೋಗಿದ್ದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬ್ಯಾಲೆನ್ಸ್ ಬೀಮ್ ಮೇಲೆ, ಅಂದರೆ ಉದ್ದನೆಯ ಮರದ ತೊಲೆಯ ಮೇಲೆ ನಡೆಯುತ್ತಿದ್ದಳು. ನೆಲದಿಂದ ಒಂದು ಗೇಣು ಎತ್ತರ, ಅಷ್ಟೇ. ಅಗಲ 10 ಸೆಂಟಿಮೀಟರ್. ಎರಡೂ ಪಾದ ಪಕ್ಕಪಕ್ಕ ಇಟ್ಟರೆ ಹಿಡಿಸುವುದಿಲ್ಲ. ಹುಡುಗಿ ಕತ್ತು ಬಗ್ಗಿಸಿಕೊಂಡು, ಕಣ್ಣನ್ನು ಕಾಲ್ಬೆರಳ ಮೇಲೇ ಇಟ್ಟುಕೊಂಡು, ಮುಷ್ಟಿ ಬಿಗಿ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ಮೂರನೇ ಹೆಜ್ಜೆಗೆ ಆಯ ತಪ್ಪಿ ಕೆಳಗಿಳಿದಳು. ಮತ್ತೆ ಹತ್ತಿದಳು. ಮತ್ತೆ ಮೂರನೇ ಹೆಜ್ಜೆಗೇ ಇಳಿದಳು. "ನೋಡ್ಕೊಂಡು ನಡಿಯೇ, ಬೀಳ್ತೀಯ!" ಅಂತ ಗೆಳತಿಯರು ಕೂಗಿದರು. ನನ್ನ ಬಾಯಿಗೂ ಅದೇ ಮಾತು ಬಂದಿತ್ತು.

ನಮ್ಮ ಪಿ.ಟಿ. ಮೇಷ್ಟ್ರು ಏನು ಮಾಡಿದರು ಗೊತ್ತಾ? ಬೀಮಿನ ಆಚೆ ತುದಿಯಲ್ಲಿ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ಕೆಂಪು ಕೋನ್ ಇಟ್ಟರು. ಆಮೇಲೆ ಹುಡುಗಿಯ ಪಕ್ಕ ಬಂದು ಕುಕ್ಕರಗಾಲಲ್ಲಿ ಕೂತು ಹೇಳಿದರು: "ಕಾಲು ನೋಡ್ಬೇಡ ಪುಟ್ಟಾ, ಆಚೆ ತುದಿ ನೋಡು. ಈಗ್ಲೇ ಹತ್ಬೇಡ. ಇಲ್ಲೇ ನಿಂತು ಕಣ್ಣು ಮುಚ್ಕೊ. ಮನಸ್ಸಲ್ಲೇ ನಡ್ಕೊಂಡು ಹೋಗು. ತುದಿ ಮುಟ್ಟಿದ ಮೇಲೆ ನಂಗೆ ಹೇಳು."

ಅವಳು ಕಣ್ಣು ಮುಚ್ಚಿಕೊಂಡಳು. ನಾನು ಹತ್ತಿರದಿಂದ ನೋಡುತ್ತಿದ್ದೆ. ಅವಳ ಮೈ ಸುಮ್ಮನೆ ಇರಲಿಲ್ಲ. ಭಾರ ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ, ಕಂಡೂ ಕಾಣದ ಹಾಗೆ ಬದಲಾಗುತ್ತಿತ್ತು. ಬಿಗಿ ಹಿಡಿದ ಮುಷ್ಟಿ ನಿಧಾನವಾಗಿ ಬಿಚ್ಚಿಕೊಂಡಿತು. ಸ್ವಲ್ಪ ಹೊತ್ತಿಗೆ "ಮುಟ್ಟಿದೆ ಸರ್" ಅಂದಳು. ಆಮೇಲೆ ಬೀಮ್ ಹತ್ತಿದಳು. ನಡುವೆ ಒಂದು ಕಡೆ ವಾಲಿದಳು, ಕೈ ಅಗಲಿಸಿದಳು, ಆದರೆ ಕೆಂಪು ಕೋನಿನಿಂದ ಕಣ್ಣು ಕೀಳಲಿಲ್ಲ. ತುದಿ ತಲುಪಿದಳು.

ಅವತ್ತು ಸಂಜೆ ಮೇಷ್ಟ್ರ ಜೊತೆ ಕೂತು ತುಂಬಾ ಹೊತ್ತು ಮಾತಾಡಿದೆ. ಆಮೇಲೆ ಒಂದಷ್ಟು ಓದಿದೆ. ಓದಿದ್ದು ನಿಮಗೂ ಗೊತ್ತಾಗಲಿ ಅನ್ನಿಸಿತು. ಯಾಕೆಂದರೆ ಮಗು ಎಡವಿದಾಗ, ಲೋಟ ಕೈಜಾರಿದಾಗ, ಸೈಕಲ್ಲಿಂದ ಬಿದ್ದಾಗ ನಾವು ದೊಡ್ಡವರು ಆಡುವ ಮಾತು ಆ ಮಗುವಿನ ಕಣ್ಣನ್ನೂ ಮನಸ್ಸನ್ನೂ ಎಲ್ಲಿಗೋ ತಿರುಗಿಸುತ್ತದೆ. ಎಲ್ಲಿಗೆ ತಿರುಗಿಸುತ್ತದೆ ಅನ್ನುವುದೇ ಮುಖ್ಯ.

ಬ್ಯಾಲೆನ್ಸ್ ಅಂದರೆ ಕಾಲಿನ ಶಕ್ತಿ ಅಂತ ಬಹಳ ಜನ ಅಂದುಕೊಂಡಿದ್ದೇವೆ. ಕಾಲಿನ ಪಾಲು ಇದ್ದೇ ಇದೆ. ಆದರೆ ನೆಟ್ಟಗೆ ನಿಲ್ಲಬೇಕಾದರೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು. ಒಂದು, ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿವೆ. ತಲೆ ತಿರುಗಿದರೆ ಅವು ಸುದ್ದಿ ಕೊಡುತ್ತವೆ. ಪಕ್ಕದಲ್ಲೇ ಸುಣ್ಣದ ಸಣ್ಣ ಹರಳುಗಳಿರುವ ಎರಡು ಪುಟ್ಟ ಚೀಲಗಳಿವೆ. ತಲೆ ಯಾವ ಕಡೆ ವಾಲಿದೆ ಅಂತ ಅವು ಹೇಳುತ್ತವೆ. ಎರಡನೆಯದು, ಅಂಗಾಲು, ಸ್ನಾಯು ಮತ್ತು ಕೀಲುಗಳು. ಮೂರನೆಯದು ಕಣ್ಣು. ಈ ಮೂರೂ ಒಂದೇ ಮಾತು ಹೇಳಿದರೆ ನಾವು ಆರಾಮಾಗಿ ನಿಲ್ಲುತ್ತೇವೆ. ಒಂದೊಂದು ಒಂದೊಂದು ಹೇಳಿದರೆ ತಲೆ ಸುತ್ತುತ್ತದೆ. ಗಿರಗಿರ ತಿರುಗಿ ಥಟ್ಟನೆ ನಿಂತಾಗ ಲೋಕವೇ ತಿರುಗಿದ ಹಾಗೆ ಆಗುತ್ತದಲ್ವಾ? ಮೈ ನಿಂತಿದ್ದರೂ ಕಿವಿಯ ದ್ರವ ಇನ್ನೂ ನಿಂತಿರುವುದಿಲ್ಲ, ಅದಕ್ಕೆ.

ಇದು ಎಷ್ಟು ಸೊಗಸಾಗಿ ಕೆಲಸ ಮಾಡುತ್ತದೆ ಅಂತ ಈಗಲೇ ನೋಡಬಹುದು. ಈ ಪತ್ರವನ್ನು ಕೈಯಲ್ಲಿ ಹಿಡಿದು ಬೇಗ ಬೇಗ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಅಕ್ಷರ ಕಲಸಿ ಹೋಗುತ್ತದೆ, ಓದಲು ಆಗುವುದಿಲ್ಲ. ಈಗ ಪತ್ರವನ್ನು ಅಲ್ಲಾಡಿಸದೆ ಹಿಡಿದು, ಅದೇ ವೇಗದಲ್ಲಿ ತಲೆಯನ್ನು ಅಲ್ಲಾಡಿಸಿ. ಓದಬಹುದು! ತಲೆ ಎಡಕ್ಕೆ ಹೋದ ತಕ್ಷಣ ಒಳಕಿವಿ ಕಣ್ಣುಗುಡ್ಡೆಯನ್ನು ಬಲಕ್ಕೆ ತಿರುಗಿಸುತ್ತದೆ. ಅದಕ್ಕೆ ಹಿಡಿಯುವ ಸಮಯ ಸೆಕೆಂಡಿನ ನೂರನೇ ಒಂದು ಭಾಗದಷ್ಟು. ನಾವು ಯೋಚನೆ ಮಾಡುವುದಕ್ಕೆ ಮುಂಚೆಯೇ ಆಗಿ ಹೋಗಿರುತ್ತದೆ. ಮಕ್ಕಳಿಗೆ ಇದನ್ನು ಮಾಡಿ ತೋರಿಸಿ, ತುಂಬಾ ಇಷ್ಟಪಡುತ್ತಾರೆ.

ಇನ್ನು ಕಣ್ಣಿನ ವಿಷಯ. ಒಂಟಿ ಕಾಲಲ್ಲಿ ನಿಂತು ನೋಡಿ. ಸುಲಭ ಅನ್ನಿಸುತ್ತದೆ. ಹಾಗೇ ಕಣ್ಣು ಮುಚ್ಚಿ. ಕೆಲವೇ ಸೆಕೆಂಡಿನಲ್ಲಿ ಪಾದ ಪರದಾಡಲು ಶುರು ಮಾಡುತ್ತದೆ. 19ನೇ ಶತಮಾನದಲ್ಲಿ ಮೊರಿಟ್ಜ್ ರಾಂಬರ್ಗ್ ಎಂಬ ಜರ್ಮನ್ ವೈದ್ಯರು ಇದನ್ನು ರೋಗಿಗಳಲ್ಲಿ ಗಮನಿಸಿದ್ದರು. ಕಾಲಿನ ಸ್ಪರ್ಶಜ್ಞಾನ ಹೋದವರು ಕಣ್ಣು ಬಿಟ್ಟಿದ್ದಾಗ ನಿಲ್ಲುತ್ತಿದ್ದರು, ಕಣ್ಣು ಮುಚ್ಚಿದರೆ ತೂರಾಡಿ ಬೀಳುತ್ತಿದ್ದರು. ಅಂದರೆ ಅಷ್ಟು ದಿನವೂ ಅವರನ್ನು ನಿಲ್ಲಿಸಿದ್ದು ಕಣ್ಣು. ಇವತ್ತಿಗೂ ವೈದ್ಯರು ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಅವರದೇ ಹೆಸರಿದೆ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಪ್ರಯೋಗ. 1974ರಲ್ಲಿ ಡೇವಿಡ್ ಲೀ ಮತ್ತು ಎರಿಕ್ ಆರನ್ಸನ್ ಎಂಬ ಸಂಶೋಧಕರು ಇದನ್ನು ಪ್ರಕಟಿಸಿದರು. ಅವರು ಒಂದು ಚಿಕ್ಕ ಕೋಣೆ ಮಾಡಿಸಿದ್ದರು. ಅದರ ನೆಲ ಅಲ್ಲಾಡುವುದಿಲ್ಲ. ಗೋಡೆ ಮತ್ತು ಚಾವಣಿ ಮಾತ್ರ ಹಿಂದಕ್ಕೂ ಮುಂದಕ್ಕೂ ಸರಿಯುತ್ತವೆ. ಆಗತಾನೆ ನಿಲ್ಲಲು ಕಲಿತ ಪುಟ್ಟ ಮಕ್ಕಳನ್ನು ಒಳಗೆ ನಿಲ್ಲಿಸಿ, ಎದುರಿನ ಗೋಡೆಯನ್ನು ಮಗುವಿನ ಕಡೆಗೆ ಸರಿಸಿದರು. ಮಗುವನ್ನು ಯಾರೂ ಮುಟ್ಟಲಿಲ್ಲ, ನೆಲ ಗಟ್ಟಿಯಾಗೇ ಇತ್ತು. ಆದರೂ ಮಕ್ಕಳು ತೂರಾಡಿದರು, ಕೆಲವರು ಹಿಂದಕ್ಕೆ ಬಿದ್ದೇ ಬಿಟ್ಟರು. ಗೋಡೆ ಹತ್ತಿರ ಬಂದದ್ದನ್ನು ನೋಡಿ, ತಾನೇ ಮುಂದಕ್ಕೆ ವಾಲುತ್ತಿದ್ದೇನೆ ಅಂದುಕೊಂಡು ಮೈ ಹಿಂದಕ್ಕೆ ಎಳೆದುಕೊಂಡಿತು. ಕಾಲು, ಕಿವಿ ಎರಡೂ "ಏನೂ ಆಗಿಲ್ಲ" ಅನ್ನುತ್ತಿದ್ದರೂ ಆ ಮಕ್ಕಳು ನಂಬಿದ್ದು ಕಣ್ಣನ್ನೇ.

ದೊಡ್ಡವರಾಗುತ್ತಾ ಈ ಮೂರನ್ನೂ ತೂಗಿ ನೋಡುವುದನ್ನು ಮಿದುಳು ಕಲಿಯುತ್ತದೆ. 7 ವರ್ಷದ ಸುಮಾರಿಗೆ ಇದು ಚೆನ್ನಾಗಿ ಕುದುರಲು ಶುರುವಾಗುತ್ತದೆ, ಆಮೇಲೂ ಕೆಲವು ವರ್ಷ ಮಾಗುತ್ತಲೇ ಇರುತ್ತದೆ. ಹಾಗಾಗಿ ಒಂದನೇ ತರಗತಿಯ ಮಗು ಮಬ್ಬು ಬೆಳಕಿನ ಮೆಟ್ಟಿಲಲ್ಲಿ ಎಡವಿದರೆ ಅದು ಅಜಾಗರೂಕತೆ ಅಲ್ಲ. ಎದೆಯವರೆಗೆ ಪುಸ್ತಕ ಪೇರಿಸಿಕೊಂಡು ಬರುವ ಮಗುವಿಗೆ ತನ್ನ ಮುಂದಿನ ನೆಲವೇ ಕಾಣುವುದಿಲ್ಲ. ಹೊಸ ಕನ್ನಡಕ ಹಾಕಿದ ಮಗುವಿಗೆ ಮೊದಮೊದಲು ನೆಲ ಮೇಲೆ ಬಂದ ಹಾಗೋ ಕೆಳಗೆ ಹೋದ ಹಾಗೋ ಕಾಣಬಹುದು. ಕೆಲವು ದಿನ ಮೆಟ್ಟಿಲಲ್ಲಿ ಕೈ ಹಿಡಿದುಕೊಳ್ಳಿ, ಬೈಯಬೇಡಿ. ಪದೇ ಪದೇ ಮುಗ್ಗರಿಸುವ ಮಗುವನ್ನು "ಎಡಬಿಡಂಗಿ" ಅಂತ ಕರೆಯುವ ಮುಂಚೆ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಿಸೋಣ. ಇದನ್ನು ಕೈಮುಗಿದು ಕೇಳುತ್ತೇನೆ. ಮಕ್ಕಳಿಗೆ ಅಂಟಿದ ಇಂಥ ಹೆಸರು ಬೇಗ ಬಿಡುವುದಿಲ್ಲ.

ನೋಟ ಎಲ್ಲಿ ನೆಟ್ಟಿದೆ ಅನ್ನುವುದೂ ಅಷ್ಟೇ ಮುಖ್ಯ. ಅಲ್ಲಾಡದ ಒಂದು ಬಿಂದುವನ್ನು ನೋಡುತ್ತಾ ನಿಂತರೆ ಮೈ ತೂಗುವುದು ಕಡಿಮೆಯಾಗುತ್ತದೆ. ಕತ್ತು ಬಗ್ಗಿಸಿ ಕಾಲನ್ನೇ ನೋಡಿದರೆ ತಲೆಯ ಭಾರ ಮುಂದಕ್ಕೆ ಹೋಗುತ್ತದೆ, ಜೊತೆಗೆ ಕಣ್ಣಿಗೆ ಸಿಗುವುದು ತಾನೇ ಅಲ್ಲಾಡುತ್ತಿರುವ ಕಾಲು. ಅದನ್ನು ಹಿಡಿದುಕೊಂಡು ಹೇಗೆ ನಿಲ್ಲುವುದು? ಕೆನಡಾದ ಜೋನ್ ವಿಕರ್ಸ್ ಎಂಬುವರು ಬ್ಯಾಸ್ಕೆಟ್‌ಬಾಲ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದು 1996ರಲ್ಲಿ ಬರೆದರು. ಫ್ರೀ ಥ್ರೋದಲ್ಲಿ, ಅಂದರೆ ಯಾರೂ ಅಡ್ಡ ಬರದೆ ಗೆರೆಯ ಹಿಂದೆ ನಿಂತು ಬುಟ್ಟಿಗೆ ಎಸೆಯುವಾಗ, ನುರಿತವರು ಚೆಂಡು ಎಸೆಯುವ ಮುಂಚೆ ಬುಟ್ಟಿಯ ಮೇಲೆ ನೋಟವನ್ನು ಬೇಗ ನೆಡುತ್ತಿದ್ದರು, ಜಾಸ್ತಿ ಹೊತ್ತು ಹಾಗೇ ಇಡುತ್ತಿದ್ದರು. ಕೈ ಚಲಿಸುವ ಮುಂಚೆ ಕಣ್ಣು ಸುಮ್ಮನಾಗಬೇಕು. ನಮ್ಮ ಮೇಷ್ಟ್ರು ಕೆಂಪು ಕೋನ್ ಇಟ್ಟದ್ದು ಇದಕ್ಕೇ.

ಇನ್ನು ಮನಸ್ಸಿನಲ್ಲೇ ನಡೆಯುವುದು. ಇದು ಕಲ್ಪನೆಯ ಆಟ ಅನ್ನಿಸಬಹುದು. ನನಗೂ ಮೊದಲು ಅನುಮಾನವಿತ್ತು. 1995ರಲ್ಲಿ ಆಲ್ವಾರೊ ಪಾಸ್ಕುವಲ್ ಲಿಯೋನ್ ಮತ್ತು ಅವರ ತಂಡ ಪ್ರಕಟಿಸಿದ ಪ್ರಯೋಗ ಓದಿದ ಮೇಲೆ ಆ ಅನುಮಾನ ಹೋಯಿತು. ಪಿಯಾನೋ ಗೊತ್ತಿಲ್ಲದವರಿಗೆ ಐದು ಬೆರಳಿನ ಒಂದು ಸಣ್ಣ ಪಾಠ ಕಲಿಸಿದರು. ಒಂದು ಗುಂಪು ದಿನಕ್ಕೆ 2 ಗಂಟೆಯಂತೆ 5 ದಿನ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಪಿಯಾನೋ ಮುಂದೆ ಕೂತು, ಬೆರಳು ಅಲ್ಲಾಡಿಸದೆ, ಮನಸ್ಸಿನಲ್ಲೇ ನುಡಿಸಿತು. ಕೊನೆಗೆ ನೋಡಿದರೆ ಎರಡೂ ಗುಂಪಿನವರ ಮಿದುಳಿನಲ್ಲಿ ಬೆರಳುಗಳನ್ನು ಆಡಿಸುವ ಜಾಗ ಒಂದೇ ರೀತಿ ಬದಲಾಗಿತ್ತು. ನುಡಿಸಿದ ಗುಂಪು ಮೂರನೇ ದಿನ ಎಲ್ಲಿತ್ತೋ, ಮನಸ್ಸಿನ ಗುಂಪು ಐದನೇ ದಿನ ಅಲ್ಲಿತ್ತು. ಆಮೇಲೆ ಒಂದೇ ಒಂದು ಸಲ 2 ಗಂಟೆ ನಿಜವಾಗಿ ನುಡಿಸಿದ ಮೇಲೆ ಆ ಗುಂಪೂ ಸಮಕ್ಕೆ ಬಂತು.

ಇಷ್ಟು ಓದಿ "ಹಾಗಾದರೆ ಮೈದಾನಕ್ಕೆ ಯಾಕೆ ಹೋಗಬೇಕು, ಮಲಗಿಕೊಂಡೇ ಅಭ್ಯಾಸ ಮಾಡಬಹುದಲ್ಲ" ಅಂತ ಮಕ್ಕಳು ಕೇಳಬಹುದು. ಆಗುವುದಿಲ್ಲ. ಹತ್ತಾರು ಅಧ್ಯಯನಗಳನ್ನು ಒಟ್ಟು ಸೇರಿಸಿ 1983ರಲ್ಲಿ ಲೆಕ್ಕ ಹಾಕಿದವರಿದ್ದಾರೆ. ಮನಸ್ಸಿನ ಅಭ್ಯಾಸ ಏನೂ ಮಾಡದೆ ಇರುವುದಕ್ಕಿಂತ ಖಂಡಿತ ಒಳ್ಳೆಯದು, ಮೈ ಬಗ್ಗಿಸಿ ಮಾಡುವ ಅಭ್ಯಾಸಕ್ಕೆ ಸಾಟಿಯಲ್ಲ. ಎರಡೂ ಜೊತೆಗಿರಬೇಕು. ಕಾಲು ಉಳುಕಿ ಕೂತ ಮಗುವಿಗೆ, ಮಳೆ ಬಂದ ದಿನಕ್ಕೆ, ಸರದಿಗಾಗಿ ಸಾಲಿನಲ್ಲಿ ನಿಂತ ಹೊತ್ತಿಗೆ ಇದು ತುಂಬಾ ಉಪಯೋಗ.

ಮಾಡುವ ರೀತಿಯೂ ಇದೆ. ತನ್ನನ್ನು ತಾನೇ ಟಿ.ವಿ.ಯಲ್ಲಿ ನೋಡಿದ ಹಾಗೆ ನೋಡಿದರೆ ಸಾಲದು. ತನ್ನ ಕಣ್ಣಿಂದಲೇ ಎದುರಿನ ಜಾಗ ಕಾಣಬೇಕು, ಅಂಗಾಲಿಗೆ ಮರದ ಗಟ್ಟಿತನ ತಿಳಿಯಬೇಕು, ಭಾರ ಕಾಲಿಂದ ಕಾಲಿಗೆ ಹೋಗುವುದು ಗೊತ್ತಾಗಬೇಕು. ಮಗು ನಿಜವಾಗಿ ಮನಸ್ಸಿನಲ್ಲಿ ನಡೆಯಿತೋ ಇಲ್ಲವೋ ಅಂತ ತಿಳಿಯಲು ಒಂದು ಉಪಾಯವಿದೆ. 1989ರಲ್ಲಿ ಫ್ರಾನ್ಸ್‌ನ ಸಂಶೋಧಕರು ತೋರಿಸಿದ ಪ್ರಕಾರ, ಒಂದು ಗುರಿಯವರೆಗೆ ಮನಸ್ಸಿನಲ್ಲಿ ನಡೆಯಲು ಹಿಡಿಯುವ ಸಮಯ ನಿಜವಾಗಿ ನಡೆಯಲು ಹಿಡಿಯುವಷ್ಟೇ ಇರುತ್ತದೆ. ಬಾಗಿಲಿಂದ ಕಿಟಕಿಯವರೆಗೆ ಮನಸ್ಸಿನಲ್ಲೇ ನಡೆಯಲು ಹೇಳಿ, ಗಡಿಯಾರ ನೋಡಿ. ಎರಡೇ ಸೆಕೆಂಡಿಗೆ "ಮುಗೀತು" ಅಂದರೆ ನಡುವಿನ ಹೆಜ್ಜೆಗಳನ್ನು ಹಾರಿಸಿದೆ ಅಂತ ಅರ್ಥ. ಇನ್ನೊಮ್ಮೆ ನಿಧಾನವಾಗಿ ಮಾಡಿಸಿ. ಕೆಲವು ಮಕ್ಕಳು "ನಂಗೆ ಏನೂ ಕಾಣ್ಸಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಮನಸ್ಸಿನಲ್ಲಿ ಚಿತ್ರವೇ ಮೂಡದ ಜನ ಇದ್ದಾರೆ. ಅವರಿಗೆ ಕಾಣುವುದರ ಬದಲು ಮೈಗೆ ಹೇಗನ್ನಿಸುತ್ತದೆ ಅಂತ ಕೇಳಿ.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. 1985ರಲ್ಲಿ ಗಾಲ್ಫ್ ಚೆಂಡನ್ನು ಕುಳಿಗೆ ತಳ್ಳುವವರ ಮೇಲೆ ಒಂದು ಪ್ರಯೋಗ ನಡೆಯಿತು. ಚೆಂಡು ಕುಳಿಗೆ ಬಿದ್ದಂತೆ ಊಹಿಸಿಕೊಂಡವರ ಆಟ ಸುಧಾರಿಸಿತು. ಗುರಿ ತಪ್ಪಿದಂತೆ ಊಹಿಸಿಕೊಂಡವರ ಆಟ ಕೆಟ್ಟಿತು. "ಬೀಳ್ತೀಯ!" ಅಂತ ಕೂಗಿದಾಗ ಮಗುವಿನ ಮನಸ್ಸಿನಲ್ಲಿ ಮೂಡುವುದು ಬೀಳುವ ಚಿತ್ರ. ಕಣ್ಣು ತಕ್ಷಣ ಕೆಳಗೆ ಹೋಗುತ್ತದೆ. ನಾವು ಪ್ರೀತಿಯಿಂದ, ಹೆದರಿಕೆಯಿಂದ ಹೇಳುವ ಮಾತೇ ಮಗುವಿಗೆ ಬೀಳುವುದನ್ನು ಅಭ್ಯಾಸ ಮಾಡಿಸುತ್ತದೆ. ಹಾಗಾಗಿ ಎಲ್ಲಿ ನೋಡಬೇಕು, ಏನು ಮಾಡಬೇಕು ಅಂತ ಹೇಳೋಣ. "ಆ ಕಂಬ ನೋಡ್ಕೊಂಡು ಬಾ." "ಎರಡೂ ಕೈಯಲ್ಲಿ ಹಿಡ್ಕೊ." "ನಿಧಾನಕ್ಕೆ ಕಾಲಿಡು." ಅಷ್ಟು ಸಾಕು.

ಶಾಲೆಯಲ್ಲಿ ಈ ವಾರದಿಂದ ಆಟದ ಪೀರಿಯಡ್‌ನ ಮೊದಲ ಎರಡು ನಿಮಿಷ ಮಕ್ಕಳು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಾರೆ, ಆಮೇಲೆ ಮೈದಾನಕ್ಕೆ ಇಳಿಯುತ್ತಾರೆ. ಮನೆಯಲ್ಲಿ ನೀವೂ ದಿನಕ್ಕೆ ಐದು ನಿಮಿಷ ಕೊಡಿ. ಮಗು ಗೋಡೆಯ ಪಕ್ಕ ಒಂಟಿ ಕಾಲಲ್ಲಿ ನಿಲ್ಲಲಿ, ಎದುರಿನ ಗೋಡೆಯ ಮೇಲಿನ ಒಂದು ಗುರುತನ್ನು ನೋಡಲಿ. ಅದು ಚೆನ್ನಾಗಿ ಬಂದ ಮೇಲೆ ಕಣ್ಣು ಮುಚ್ಚಿ ಮಾಡಲಿ. ಒಂದು ಬೆರಳನ್ನು ಗೋಡೆಗೆ ಹಗುರವಾಗಿ ತಾಗಿಸಿದರೂ ತೂರಾಟ ಎಷ್ಟು ಕಡಿಮೆಯಾಗುತ್ತದೆ ಅಂತ ಅವರೇ ಕಂಡುಕೊಳ್ಳಲಿ. ಕಣ್ಣು ಮುಚ್ಚಿ ನಿಂತಾಗ ದೊಡ್ಡವರೊಬ್ಬರು ಕೈಯಳತೆಯಲ್ಲೇ ಇರಬೇಕು. ಮೆಟ್ಟಿಲ ಹತ್ತಿರ, ಮೇಜಿನ ಮೂಲೆ ಹತ್ತಿರ ಬೇಡ.

ಮಗು ಇದ್ದಕ್ಕಿದ್ದಂತೆ ಜಾಸ್ತಿ ಬೀಳಲು ಶುರು ಮಾಡಿದರೆ, ಯಾವಾಗಲೂ ಒಂದೇ ಕಡೆ ವಾಲಿದರೆ, ಪದೇ ಪದೇ ತಲೆಸುತ್ತು ಅಥವಾ ಕಿವಿನೋವು ಅಂದರೆ ಅಭ್ಯಾಸ ಮಾಡಿಸುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ. ನಮಗೂ ತಿಳಿಸಿ.

ಕ್ರೀಡಾದಿನದ ಹಿಂದಿನ ಶನಿವಾರ ಬೆಳಿಗ್ಗೆ ಪಿ.ಟಿ. ಮೇಷ್ಟ್ರು ಮೈದಾನದಲ್ಲೇ ಇರುತ್ತಾರೆ. ಬಂದು ನೋಡಿ, ಏನಾದರೂ ಕೇಳುವುದಿದ್ದರೆ ಕೇಳಿ. ಅದೇ ದಿನ ಶಾಲೆಯಲ್ಲಿ ಎಲ್ಲ ಮಕ್ಕಳ ಕಣ್ಣಿನ ಪರೀಕ್ಷೆಯೂ ಇದೆ. ಒಪ್ಪಿಗೆ ಚೀಟಿಯನ್ನು ಡೈರಿಯಲ್ಲಿ ಇಟ್ಟಿದ್ದೇವೆ. ಕನ್ನಡಕ ಇರುವ ಮಕ್ಕಳು ಮರೆಯದೆ ತರಲಿ. ಚೀಟಿಗೆ ಸಹಿ ಹಾಕಿ ಈ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ