ಕಬ್ಬಿನ ದುಡ್ಡು ತಡ ಮಾಡಿದ್ದು ಕಾರ್ಖಾನೆ, ಸ್ಕೋರ್ ಇಳಿದಿದ್ದು ನಮ್ಮದು

ಮಾನ್ಯ ಸಂಪಾದಕರೇ,

ಎರಡು ಹಸು ತಗೊಂಡು ಒಂದು ಕೊಟ್ಟಿಗೆ ಹಾಕಿಸೋಣ ಅಂತ ಹೋದ ತಿಂಗಳು ಮಂಡ್ಯದ ಒಂದು ಬ್ಯಾಂಕಿಗೆ ಸಾಲ ಕೇಳೋಕೆ ಹೋಗಿದ್ದೆ. ಪಹಣಿ, ಆಧಾರ್, ಊರಿನ ಡೈರಿಯಲ್ಲಿ ಬರೆಸಿಕೊಂಡ ಪತ್ರ ಎಲ್ಲಾ ಫೈಲಿನಲ್ಲಿತ್ತು. ಮ್ಯಾನೇಜರ್ ಫೈಲು ಬಿಚ್ಚಲೇ ಇಲ್ಲ. ಪ್ಯಾನ್ ನಂಬರ್ ಕೇಳಿದರು, ಒಂದು ಕಡೆ ಸಹಿ ಹಾಕಿಸಿಕೊಂಡರು, ಕಂಪ್ಯೂಟರ್ ನೋಡಿ "ಸಿಬಿಲ್ ಕಮ್ಮಿ ಇದೆ, ಆಗಲ್ಲ" ಅಂದರು. ಎಷ್ಟಿದೆ ಅಂದರೆ 638. ಹಳೇ ಸಾಲಗಳನ್ನು ಎಷ್ಟು ಸರಿಯಾಗಿ ಕಟ್ಟಿದ್ದೀವಿ ಅಂತ ನೋಡಿ ಸಿಬಿಲ್ ಅನ್ನೋ ಕಂಪನಿ 300ರಿಂದ 900ರವರೆಗೆ ಕೊಡುವ ಅಂಕ (ಸ್ಕೋರ್) ಇದು, ಈ ಬ್ರಾಂಚಿನಲ್ಲಿ 700 ದಾಟಿದ್ದರೆ ಮಾತ್ರ ಮುಂದಿನ ಮಾತಂತೆ. ಬಸ್ಸಿನಲ್ಲಿ ಬಂದು ಹೋಗಲು ತಗೊಂಡ ಹೊತ್ತಿನಲ್ಲಿ ಕಾಲು ಭಾಗವೂ ಒಳಗೆ ಕೂತಿರಲಿಲ್ಲ ನಾನು.

ನಾನೇನು ಸಾಲ ಮುಳುಗಿಸಿದವನಲ್ಲ. ಎಲ್ಲಿ ಎಡವಟ್ಟಾಯಿತು ನೋಡೋಣ ಅಂತ ಮಗಳ ಕೈಲಿ ಮೊಬೈಲಿನಲ್ಲಿ ನನ್ನ ಸಾಲಗಳ ಸಿಬಿಲ್ ರಿಪೋರ್ಟ್ ತೆಗೆಸಿದೆ. (ವರ್ಷಕ್ಕೊಂದು ಸಲ ಇದು ಪುಕ್ಕಟೆ, ಸುಮ್ನೆ ಯಾರಿಗೂ ದುಡ್ಡು ಕೊಟ್ಟು ತೆಗೆಸಬೇಡಿ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಇನ್ನೂ ಮೂರು ಕಂಪನಿ ಇವೆ, ಅವರೂ ವರ್ಷಕ್ಕೊಂದು ರಿಪೋರ್ಟ್ ಪುಕ್ಕಟೆ ಕೊಡಲೇಬೇಕು.)

ಒಂದೊಂದು ಸಾಲದ ಕೆಳಗೂ ತಿಂಗಳಿಗೊಂದರಂತೆ ಮೂರು ವರ್ಷದ ಪುಟ್ಟ ಪುಟ್ಟ ಚೌಕಗಳು. ಕಂತು ಸರಿಯಾಗಿ ಕಟ್ಟಿದ್ದರೆ ಚೌಕದಲ್ಲಿ 000. ತಡವಾಗಿದ್ದರೆ ಎಷ್ಟು ದಿನ ತಡ ಅನ್ನೋ ಲೆಕ್ಕ. ನನ್ನ ಟ್ರ್ಯಾಕ್ಟರ್ ಸಾಲದ ಕೆಳಗೆ ಉದ್ದಕ್ಕೂ ಸೊನ್ನೆಗಳಿವೆ. ಮಧ್ಯೆ ಒಂದು ಕಡೆ 021, ಅದರ ಪಕ್ಕ 049, ಅದರ ಪಕ್ಕ 080. ಆಮೇಲೆ ಮತ್ತೆ ಸೊನ್ನೆ. ಮಗಳು ಬೆರಳಿಟ್ಟು ತೋರಿಸಿ "ಅಪ್ಪಾ, ಇದು ಯಾವ ತಿಂಗಳು ನೋಡು" ಅಂದಳು. ಜನವರಿ, ಫೆಬ್ರವರಿ, ಮಾರ್ಚ್. ಮರೆಯೋ ತಿಂಗಳುಗಳಲ್ಲ ಅವು. ಡಿಸೆಂಬರ್ ಎರಡನೇ ವಾರ ಕಬ್ಬು ಕಡಿಸಿ ಜಿಲ್ಲೆಯ ಒಂದು ಕಾರ್ಖಾನೆಗೆ ಸಾಗಿಸಿದ್ದೆ. ಕಟಾವಿನವರ ಕೂಲಿ, ಲಾರಿ ಡ್ರೈವರ್ ಭತ್ಯೆ ಎಲ್ಲಾ ಕೈಯಿಂದಲೇ ಹೋಗಿತ್ತು. ಆರು ತಿಂಗಳಿಗೊಂದು ಕಂತು, ಜನವರಿ 10ಕ್ಕೆ ಕಟ್ಟಬೇಕು, ಅಷ್ಟರಲ್ಲಿ ಕಬ್ಬಿನ ದುಡ್ಡು ಬರುತ್ತೆ ಅನ್ನೋ ಲೆಕ್ಕ ಹಾಕಿದ್ದೆ. ಬಂದಿದ್ದು ಏಪ್ರಿಲ್‌ನಲ್ಲಿ. ಬಂದ ಮಾರನೇ ದಿನವೇ ಹೋಗಿ ತಡದ ಬಡ್ಡಿ ಸಮೇತ ಕಂತು ಕಟ್ಟಿ ರಸೀದಿ ತಂದೆ.

1966ರ ಕಬ್ಬು ನಿಯಂತ್ರಣ ಆದೇಶ ಏನು ಹೇಳುತ್ತೆ ಅಂದರೆ, ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ಮೀರಿದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ನನ್ನ ಖಾತೆಗೆ ಬಡ್ಡಿ ಅಂತ ಒಂದು ರೂಪಾಯಿ ಬಂದಿಲ್ಲ. ಹೋಗಲಿ, ಅದು ಹಳೇ ಜಗಳ. ಆದರೆ ನಾನು 80 ದಿನ ತಡ ಮಾಡಿದ್ದು ಇವತ್ತು ಯಾವ ಬ್ಯಾಂಕಿಗೆ ಹೋದರೂ ಪರದೆ ಮೇಲೆ ಕಾಣುತ್ತೆ, ನನಗೆ ನಾಲ್ಕು ತಿಂಗಳು ತಡ ಮಾಡಿದವರ ಲೆಕ್ಕ ಕಬ್ಬು ತೂಗಿ ಕಾರ್ಖಾನೆಯವರು ಕೊಟ್ಟ, ನನ್ನ ಜೇಬಿನಲ್ಲಿರೋ ತೂಕದ ಚೀಟಿ ಬಿಟ್ಟು ಬೇರೆಲ್ಲೂ ಇಲ್ಲ. ಇದು ಯಾವ ನ್ಯಾಯ ಹೇಳಿ?

ರಿಪೋರ್ಟಿನಲ್ಲಿ ತಪ್ಪಿದ್ದರೆ ದಾರಿ ಇದೆ. ತೀರಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ದೂರು ಕೊಡಬಹುದು, 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಮಾಡಿದೆ. ನನ್ನ ಕಷ್ಟ ಏನಪ್ಪಾ ಅಂದರೆ, ನನ್ನ ರಿಪೋರ್ಟಿನಲ್ಲಿ ತಪ್ಪೇ ಇಲ್ಲ. 080 ಅನ್ನೋದು ನಿಜ. ಏನಂತ ದೂರು ಕೊಡಲಿ?

ಇದರ ಮೇಲೆ ನಾನೇ ಒಂದು ದಡ್ಡತನ ಮಾಡಿಕೊಂಡೆ. ಇಲ್ಲಿ ಆಗಲಿಲ್ಲ ಅಂತ ಅದೇ ವಾರ ಇನ್ನೆರಡು ಕಡೆ ಅರ್ಜಿ ಹಾಕಿದೆ. ಒಬ್ಬೊಬ್ಬರು ಸ್ಕೋರ್ ತೆಗೆದು ನೋಡಿದ್ದೂ ರಿಪೋರ್ಟಿನಲ್ಲಿ ದಾಖಲಾಗುತ್ತೆ, ಇವನು ದುಡ್ಡಿಗೆ ಅಲೆಯುತ್ತಿದ್ದಾನೆ ಅಂತ ಅಂಕ ಇನ್ನಷ್ಟು ಇಳಿಯಬಹುದು ಅಂತ ನಮ್ಮೂರಿನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಆಮೇಲೆ ಹೇಳಿದರು. ನಾವೇ ನಮ್ಮ ರಿಪೋರ್ಟ್ ನೋಡಿಕೊಂಡರೆ ಏನೂ ಆಗಲ್ಲವಂತೆ. ಮೊದಲೇ ಹೇಳಬಾರದಿತ್ತಾ ಯಜಮಾನ್ರೇ ಅಂದೆ, ನೀನು ಕೇಳಿದ್ದೇ ಈಗ ಅಲ್ವಾ ಅಂದರು.

ಅವರಿಂದಲೇ ಇನ್ನೊಂದು ವಿಷಯ ತಿಳಿಯಿತು. ಇಷ್ಟು ಸ್ಕೋರ್ ಇದ್ದರೆ ಮಾತ್ರ ಸಾಲ ಕೊಡಿ ಅಂತ ರಿಸರ್ವ್ ಬ್ಯಾಂಕ್ ಎಲ್ಲೂ ಗೆರೆ ಹಾಕಿಲ್ಲ, 700 ಅನ್ನೋದು ಆಯಾ ಬ್ಯಾಂಕಿನವರು ಮಾಡಿಕೊಂಡಿದ್ದು. ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರಹದಲ್ಲಿ ಕೊಡಬೇಕು ಅನ್ನೋದೂ ಇದೆ. ನನಗೆ ಬಾಯಲ್ಲಿ ಹೇಳಿ ಕಳಿಸಿದರು. ಅವರೇ ಮಾಡಿಕೊಂಡ ಗೆರೆಯಾದರೆ, ಕಬ್ಬು ಬೆಳೆಯೋ ಜಿಲ್ಲೆಯಲ್ಲಿ ಕೂತ ಮ್ಯಾನೇಜರ್ ಜನವರಿಯಿಂದ ಮಾರ್ಚ್‌ವರೆಗಿನ ತಡ ನೋಡಿದಾಗ "ಕಬ್ಬಿನ ಬಿಲ್ ಯಾವಾಗ ಆಯ್ತು?" ಅಂತ ಒಂದು ಮಾತು ಕೇಳಬಹುದಲ್ವಾ? ತೂಕದ ಚೀಟಿಯ ತಾರೀಕು, ಪಾಸ್‌ಬುಕ್ಕಿನಲ್ಲಿ ದುಡ್ಡು ಬಿದ್ದ ತಾರೀಕು, ಕಂತು ಕಟ್ಟಿದ ತಾರೀಕು, ಮೂರನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಾ ಗೊತ್ತಾಗುತ್ತೆ. ಜಿಲ್ಲೆಯ ಬ್ಯಾಂಕುಗಳನ್ನೆಲ್ಲಾ ಹೊಂದಿಸಿಕೊಂಡು ಹೋಗುವ ಲೀಡ್ ಬ್ಯಾಂಕ್‌ನವರು ಬ್ರಾಂಚುಗಳಿಗೆ ಇಷ್ಟು ಹೇಳಲಿ. ಟ್ರ್ಯಾಕ್ಟರ್ ಸಾಲ ಕೊಡುವವರೂ ಕಬ್ಬಿನವರ ಕಂತನ್ನು ಜನವರಿಗೆ ಇಡೋದು ಬಿಟ್ಟು ಏಪ್ರಿಲ್‌ಗೆ ಇಡಲಿ.

ಸೋಮವಾರ ಅದೇ ಬ್ಯಾಂಕಿಗೆ ಮತ್ತೆ ಹೋಗುತ್ತಿದ್ದೇನೆ. ಆ ಮೂರೂ ತಾರೀಕಿನ ಕಾಗದ ಜೆರಾಕ್ಸ್ ಮಾಡಿಸಿ ಫೈಲಿನ ಮೇಲೇ ಪಿನ್ ಹೊಡೆದಿದ್ದೇನೆ. ಆಗಲ್ಲ ಅಂದರೆ ಅದನ್ನೇ ಬರೆದು ಕೊಡಿ ಅಂತ ಕೇಳುತ್ತೇನೆ.

– ಒಬ್ಬ ಕಬ್ಬು ಬೆಳೆಗಾರ, ಮಂಡ್ಯ ತಾಲ್ಲೂಕು